ಕೆಂಚಮ್ಮ ತಂದ ಅವರೆಕಾಯಿ

ಕೆಂಚಮ್ಮ ಕೊಟ್ಟ ಅವರೆಕಾಯಿ ಚೀಲದೊಳಗೆ ಮೂಗಿಟ್ಟ ವಕೀಲ ಮುನಿರಾಮಯ್ಯನವರಿಗೆ ಏನೋ ತಪ್ಪಿದಂತೆನಿಸಿತು. ಸೊಗಡೇ ಇರಲಿಲ್ಲ.

ಚನ್ನಪಟ್ಟಣದ ವಕೀಲರ ಸಂಘದಲ್ಲಿ ಅಂದು ಅವರಿಗೆ ಬೀಳ್ಕೊಡುಗೆ. ಜೂನಿಯರ್ ಪ್ರಕಾಶ್ ಬಂದು ಕಿವಿಯ ಬಳಿ ಬಗ್ಗಿದ. "ಸಾರ್, ಭಾಷಣ ಒಸಿ ಚಿಕ್ಕದಾಗಿರ್ಲಿ. ನೀವು ಆರ್ಗ್ಯುಮೆಂಟ್ ಶುರು ಮಾಡಿದ್ರೆ ಊಟಕ್ಕೂ ವಾಯಿದೆ ತಗೋಬೇಕಾಯ್ತದೆ."

ಅವರು ನಕ್ಕರು. ಹೇಳಬೇಕಾದದ್ದು ನಿಶ್ಚಯವಾಗಿತ್ತು. ಹಗಲು ಗುಮಾಸ್ತನಾಗಿದ್ದು, ಸಂಜೆ ಕಾಲೇಜಿನಲ್ಲಿ ಕಾನೂನು ಓದಿದ ತಮ್ಮನ್ನು ಈ ಕರಿ ಕೋಟು ಸಾಕಿತ್ತು. ಆ ಋಣಕ್ಕೆ ತಾವೇನಾದರೂ ಮರಳಿಸಿದ್ದರೆ ಅದು ವಿರೂಪಾಕ್ಷಿಪುರದ ಈ ವಿಧವೆ ಕೆಂಚಮ್ಮನ ಹೊಲ. ಮೈದುನರು ಕಿತ್ತುಕೊಂಡಿದ್ದನ್ನು ಹೈಕೋರ್ಟಿನವರೆಗೂ ಹೋಗಿ ಬಿಡಿಸಿಕೊಟ್ಟಿದ್ದರು. ಅಂದಿನಿಂದ ಪ್ರತಿ ಚಳಿಗಾಲ ಆ ಹೊಲದ ಮೊದಲ ಅವರೆ ಅವರ ಮನೆಗೇ. ಇಬ್ಬನಿ ಆರದ ಕಾಯಿ; ಸುಲಿದರೆ ಹೆಂಡತಿ ದೊಡ್ಡಲಕ್ಷ್ಮಮ್ಮನ ಬೆರಳಿನ ಎಣ್ಣೆವಾಸನೆ ಸೋಪಿಗೂ ಹೋಗುತ್ತಿರಲಿಲ್ಲ.

"ಇದು ನಿಮ್ ಹೊಲದ್ದಾ ಕೆಂಚಮ್ಮ?"

ಆಕೆ ಸೆರಗು ಸರಿಮಾಡಿಕೊಂಡಳು. "ಬಸ್‌ಸ್ಟ್ಯಾಂಡ್ತಾವ ಕೊಂಡ್ಕೊಂಡೆ ಸಾಮಿ."

"ಹೊಲ?"

"ಸರ್ಕಾರದೋರು ತಗೊಂಡ್ರು, ಫ್ಯಾಕ್ಟ್ರಿಗೋಯ್ತು. ಕಾಂಪೌಂಡ್ ಎದ್ಬುಟ್ಟೈತೆ."

"ನೋಟೀಸು ಬಂದಿರ್ತದಲ್ಲ? ತಕರಾರು ಹಾಕೋಕೆ ಗಡುವು ಇರ್ತದೆ. ನನ್ತಾವ ಯಾಕೆ ಬರ್ಲಿಲ್ಲ?"

"ಬಂದಿದ್ದೆ." ಆಕೆ ಚೀಲವನ್ನೇ ನೋಡುತ್ತಿದ್ದಳು. "ಬೇಸ್ಗೇಲಿ. ನಿಮ್ ಬಾಗ್ಲಲ್ಲಿ ಬೆಂಕಿ ಹಾಕಿದ್ರು. ದೊಡ್ಡಲಕ್ಷ್ಮಮ್ಮೋರ್ನ ಜಗ್ಲಿ ಮ್ಯಾಲೆ ಮಲಗ್ಸಿದ್ರು. ಸಾವಿನ್ ಮನೇಲಿ ಕೋರ್ಟ್ ಕಾಗ್ದ ಬಿಚ್ಬಾರ್ದು ಅಂತ ಮಡ್ಲಲ್ಲೇ ಇಟ್ಕೊಂಡ್ ಕುಂತಿದ್ದೆ. ತಿಥಿ ಕಳೀಲಿ ಅಂತ ಕಾದೆ. ಆಮ್ಯಾಕೆ ಆಫೀಸ್ನಾಗೆ ಗಡುವು ಮುಗೀತು ಅಂದ್ರು."

ಅವರಿಗೆ ನೆನಪಾಯಿತು. ಅಂದು ಹೆಂಡತಿಯ ಕಾಲ ಬಳಿ ಕೂತು ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದ ಕೆಂಚಮ್ಮ. ಹಸಿದಿರಬೇಕೆಂದು ಕಾಫಿ ಕೊಡಿಸಿದ್ದರು.

"ಆಮೇಲಾದ್ರೂ ಹೇಳ್ಬಾರ್ದಿತ್ತಾ?"

"ಹೆಂಡ್ರು ಕಳ್ಕೊಂಡೋರ್ಗೆ ಇದ್ನೂ ಹೊರುಸ್ಲಾ? ಅಷ್ಟ್ ವರ್ಸ ಉಂಡಿವ್ನಿ, ಬುಡಿ." ಆಕೆ ಚೀಲವನ್ನು ಹಿಂದಕ್ಕೆ ಎಳೆದುಕೊಂಡಳು. "ಇತ್ಲಾಗ್ ಕೊಡಿ, ಮನೇಲಿ ಸುಲಿಯೋರಿಲ್ಲ, ಸುಲ್ಕೊಡ್ತೀನಿ. ನನ್ ಹೊಲದ್ ಇಸ್ಯಾನೇ ಮಾತಾಡ್ತೀರಂತೆ? ಪ್ರಕಾಶಪ್ಪ ಅಂದ್ರು. ಮಾತಾಡಿ ಸಾಮಿ. ಹೋಯ್ತು ಅಂತ ಮಾತ್ರ ಇವ್ರ ಮುಂದೆ ಅನ್ಬೇಡಿ."

ಮೈಕಿನಲ್ಲಿ ಅವರ ಹೆಸರು ಕೂಗಿದರು. ಹಾರ ಬಿತ್ತು. ಮುನಿರಾಮಯ್ಯ ಮೇಜಿನ ಅಂಚು ಹಿಡಿದು ನಿಂತರು.

"ವಿರೂಪಾಕ್ಷಿಪುರದಲ್ಲಿ ಕೆಂಚಮ್ಮನವರದೊಂದು ಹೊಲ ಇದೆ," ಎಂದರು.

ಕೊರಳ ಹಾರ ತೆಗೆದು ಮೇಜಿನ ಮೇಲಿಟ್ಟು ಕುಳಿತುಬಿಟ್ಟರು. ಭಾವುಕರಾದರೆಂದು ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು.

ಹಿಂದಿನ ಸಾಲಿನಲ್ಲಿ ಕೆಂಚಮ್ಮ ತಲೆ ತಗ್ಗಿಸಿ, ಮಡಿಲಲ್ಲಿ ಒಂದೊಂದೇ ಕಾಯಿ ಸುಲಿಯುತ್ತಿದ್ದಳು.