ಗೋಣಿ ಎಳೆದ ಮೀನಕ್ಕ

"ಏ ಅಕ್ಕು, ಸೊಂಟ ಆಡಿಸು ಮಾರಾಯ್ತಿ! ಎಂತ ಹೆಣ ಹೊತ್ತವಳ ಹಾಗೆ ನಡೀತೀ?"

ನಮ್ಮ ಧಣಿ ಹಿತೇಶ್ ಹೀಗೆ ಕೂಗಿದಾಗ ಸ್ಟುಡಿಯೋದಲ್ಲಿದ್ದವರೆಲ್ಲ ನಕ್ಕರು. ಮೈಯ ಚಲನೆ ಹಿಡಿಯುವ ಸೆನ್ಸರ್‌ಗಳನ್ನು ತುಂಬ ಅಂಟಿಸಿದ ಕಪ್ಪು ಬಿಗಿ ಉಡುಪಿನಲ್ಲಿ ನನ್ನ ದೊಡ್ಡಮ್ಮ ನಡುವೆ ನಿಂತಿದ್ದರು. ಅದನ್ನು ತೊಡಿಸುವಾಗ ಅವರು ಸೀರೆಯನ್ನು ಎದೆಗೆ ಅವುಚಿಕೊಂಡದ್ದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನಮ್ಮ ಕಂಪೆನಿಗೆ ಅನ್ನ ಹಾಕಿದವಳು ಮೀನಕ್ಕ. ಕಡಲ್ಗಳ್ಳರನ್ನು ಮೀನಿನ ಬುಟ್ಟಿಯಲ್ಲೇ ಬಡಿದು ಅಟ್ಟುವ ಅವಳ ವಿಡಿಯೋ ಗೇಮ್ ಆಡುತ್ತ ಒಂದು ತಲೆಮಾರೇ ಬೆಳೆದಿದೆ. ಅವಳ ಅಗಲ ಮುಖ, ದಪ್ಪ ತೋಳು, ನಡಿಗೆ ಎಲ್ಲವೂ ಬೆಂಗ್ರೆಯ ಕಡಲತಡಿಯಲ್ಲಿ ಮೀನು ಮಾರುವ ಅಕ್ಕು ದೊಡ್ಡಮ್ಮನವೇ. ಬೆಂಗ್ರೆಯ ಮಕ್ಕಳು ಮೀನಕ್ಕ ಎಂದು ಕೂಗಿದರೆ ಅವರು ಬೀಗುತ್ತಿದ್ದರು. ಆಟದಲ್ಲಿ ಮಾತ್ರ ಅವರ ಹೆಸರು ಎಲ್ಲೂ ಇಲ್ಲ.

ಈಗಿನ ಹುಡುಗರಿಗೆ 'ಆಂಟಿ' ಬೇಡವಂತೆ. ಹಿತೇಶ್ ಮೀನಕ್ಕನಿಗೆ ಬಿಳಿ ಬಣ್ಣ ಬಳಿಸಿದ, ಸೊಂಟ ಹಿಂಡಿಸಿದ, ಸೀರೆ ಕಿತ್ತು ತುಂಡು ಬಟ್ಟೆ ಹಾಕಿಸಿದ. ನಡಿಗೆಯೂ ಬದಲಾದರೆ ಹಳೆಯ ಆಟಗಾರರು ಉಗಿಯುತ್ತಾರೆಂದು ದೊಡ್ಡಮ್ಮನನ್ನು ಮತ್ತೆ ಕರೆಸಿದ್ದ. ಅಂದು ಹೊಸ ಮೀನಕ್ಕನನ್ನು ನೇರಪ್ರಸಾರದಲ್ಲಿ ತೋರಿಸುವ ದಿನ. ದೊಡ್ಡಮ್ಮ ಕೈ ಎತ್ತಿದರೆ ಪರದೆಯ ಹುಡುಗಿಯೂ ಎತ್ತುತ್ತಿದ್ದಳು. ಪ್ರಸಾರ ಶುರುವಾಗಿತ್ತು; ಹೊರಗೆ ಹೋಗುತ್ತಿದ್ದದ್ದು ಚಿತ್ರ ಮಾತ್ರ, ನಮ್ಮ ಮಾತಲ್ಲ. ಅದನ್ನು ನಡೆಸುವ ಕಂಪ್ಯೂಟರಿನ ಮುಂದೆ ನಾನಿದ್ದೆ.

"ಗ್ರೀಷ್ಮಾ, ಅದು ಯಾರು?" ದೊಡ್ಡಮ್ಮ ಪರದೆ ನೋಡಿ ಕೇಳಿದರು.

"ನೀವೇ, ದೊಡ್ಡಮ್ಮ."

"ನನ್ನ ಸೀರೆ ಎಲ್ಲಿ ಉಂಟು?"

"ಮುದುಕಿಯ ಸೀರೆ ಯಾರಿಗೆ ಬೇಕು?" ಎಂದ ಹಿತೇಶ್. "ಬಗ್ಗಿ ಎದೆ ಕುಣಿಸು. ಮೀನು ನಾರುವವಳಿಗೆ ಇಷ್ಟು ನಾಚಿಕೆ ಎಂತಕ್ಕೆ?"

"ನಿನ್ನ ಅಮ್ಮನನ್ನು ಕುಣಿಸು, ಬೇವರ್ಸಿ! ಅವಳೂ ಮೀನಿನ ಬುಟ್ಟಿ ಹೊತ್ತೇ ನಿನ್ನನ್ನು ಸಾಕಿದ್ದು." ದೊಡ್ಡಮ್ಮ ಸಿಡಿದರು.

ದೋಣಿಗಳು ಮೀನು ಇಳಿಸುವ ದಕ್ಕೆಯಲ್ಲಿ ನಮ್ಮ ಹೆಂಗಸರದ್ದೊಂದು ಕ್ರಮವಿದೆ. ಗಿರಾಕಿ ಮಾನಗೆಟ್ಟು ಮಾತಾಡಿದರೆ ಬುಟ್ಟಿಯ ಮೇಲೆ ಗೋಣಿ ಎಳೆದು ಬೆನ್ನು ತಿರುಗಿಸುತ್ತಾರೆ. ಆಮೇಲೆ ಅವನು ಚಿನ್ನ ಸುರಿದರೂ ಮೀನಿಲ್ಲ.

ದೊಡ್ಡಮ್ಮ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತರು. ಅಲ್ಲಿಲ್ಲದ ಬುಟ್ಟಿಯ ಮೇಲೆ ಇಲ್ಲದ ಗೋಣಿ ಎಳೆದು ಬೆನ್ನು ತಿರುಗಿಸಿದರು. ಪರದೆಯ ಬಿಳಿ ಹುಡುಗಿಯೂ ಹಾಗೆಯೇ ಕೂತು, ಗೋಣಿ ಎಳೆದು, ನೋಡುತ್ತಿದ್ದ ಅಷ್ಟೂ ಜನರಿಗೆ ಬೆನ್ನು ಹಾಕಿದಳು.

"ಗ್ರೀಷ್ಮಾ, ಆಫ್ ಮಾಡು! ನಾಳೆ ಕೆಲಸ ಬೇಕಾ ಬೇಡ್ವಾ ನಿಂಗೆ?"

ಕೆಲಸ ನನಗೆ ಬೇಕೇ ಇತ್ತು. ಮೌಸಿನಿಂದ ಕೈ ತೆಗೆದು ನಾನೂ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡೆ.