ಶ್ರಾವಣಕ್ಕೆ ಮುಂಚಿನ ತೂಕ

ಹೊಸ ಸೊಸೆ ಮೊದಲ ಆಷಾಢಕ್ಕೆ ತವರಿಗೆ ಹೋಗಬೇಕೆಂಬ ಪದ್ಧತಿ ಮಾಡಿದವರು ಯಾರೋ, ಅವರಿಗೆ ಮಧುಮತಿ ಆ ತಿಂಗಳೆಲ್ಲ ಮನಸ್ಸಿನಲ್ಲೇ ಕೈಮುಗಿದಳು. ಅತ್ತಿಗೆ ಪ್ರೇರಣಾ ಚಿಕ್ಕಲಸಂದ್ರದ ತವರಿನಲ್ಲಿದ್ದಷ್ಟು ದಿನ ಜೆ.ಪಿ. ನಗರದ ಮನೆ ಮತ್ತೆ ಹಳೆಯ ಮನೆಯಾಗಿತ್ತು. ಅಣ್ಣ ಶಶಿಕಾಂತ್ ಸಂಜೆ ತನ್ನ ಹಾರ್ಡ್‌ವೇರ್ ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ, "ಮಧು, ಉಂಡೆ ಏನ್ ಮಾಡ್ತಿದೆ?" ಎಂದು ಕೇಳುತ್ತಿದ್ದ. ಮೂರು ವರ್ಷ ದಿನವೂ ಕೇಳಿದ್ದ ಪ್ರಶ್ನೆ. ಮದುವೆಯಾದ ಮೇಲೆ ಅದು "ಪ್ರೇರಣಾ ಎಲ್ಲಿ?" ಎಂದಾಗಿಬಿಟ್ಟಿತ್ತು.

ಉಂಡೆ ಎಂದರೆ ಹೆಣ್ಣು ಬಾಲ್ ಪೈಥಾನ್. ಊರು ಬಿಟ್ಟು ಹೋಗುತ್ತಿದ್ದ ಗೆಳೆಯನೊಬ್ಬ ಶಶಿಕಾಂತನಿಗೆ ಕೊಟ್ಟುಹೋಗಿದ್ದ, ಆಫ್ರಿಕಾ ಕಡೆಯ, ವಿಷವಿಲ್ಲದ ಹಾವು. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ರವೆ ಉಂಡೆಯ ಹಾಗೆ ಸುತ್ತಿಕೊಳ್ಳುತ್ತಿತ್ತು. ಜನರೆದುರು ಬಾಯಿ ಬಿಡಲು ಹೆದರಿ ಒಂಬತ್ತನೆಯ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಮಧುಮತಿಗೆ ಆ ಸುತ್ತಿಕೊಳ್ಳುವುದು ಯಾಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೀರು ಬದಲಿಸುವುದು, ಬಲ್ಬಿನ ಕಾವು ನೋಡುವುದು, ಉದ್ದನೆಯ ಇಕ್ಕಳದಲ್ಲಿ ಇಲಿ ಹಿಡಿದು ತಿನ್ನಿಸುವುದು ಎಲ್ಲ ಅವಳದೇ.

ಅದು ದಿನವೂ ಲಿಂಗಪೂಜೆ ನಡೆಯುವ ಮನೆ. ತಾಯಿ ಗಿರಿಜಾದೇವಿ ಮೊಟ್ಟೆಯನ್ನೂ ಒಳಗೆ ಬಿಟ್ಟವರಲ್ಲ. ಹಾವಿಗೆ ಮಾತ್ರ ಎರಡು ಕರಾರಿನ ಮೇಲೆ ಒಪ್ಪಿದ್ದರು. ಹಾವೂ, ಅದರ ಊಟಕ್ಕೆ ತಂದ ಸತ್ತ ಇಲಿಗಳನ್ನು ಹೆಪ್ಪುಗಟ್ಟಿಸಿಡುವ ಚಿಕ್ಕ ಫ್ರಿಜ್ಜೂ ತಾರಸಿಯ ಕೋಣೆಯಲ್ಲೇ ಇರಬೇಕು. ಭೀಮನ ಅಮಾವಾಸ್ಯೆಯ ಹೊತ್ತು ಮುಳುಗಿತೆಂದರೆ ಶ್ರಾವಣ ಮುಗಿಯುವವರೆಗೆ ಮನೆಯಲ್ಲಿ ಮಾಂಸ ಕಾಣಬಾರದು. ಹಾಗಾಗಿ ಉಂಡೆಗೂ ವರ್ಷಕ್ಕೊಂದು ತಿಂಗಳು ಉಪವಾಸ. "ನಮ್ಮನೇಲಿ ಅದೇ ನೋಡಿ ದೊಡ್ಡ ಭಕ್ತೆ" ಎಂದು ಗಿರಿಜಾದೇವಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಎರಡು ಸಾವಿರದ ಏಳನೆಯ ಇಸವಿ. ಅಮಾವಾಸ್ಯೆಗೆ ಎರಡು ದಿನ ಇರುವಾಗ ಪ್ರೇರಣಾ ಫೋನ್ ಮಾಡಿದಳು.

"ಮಧು, ಈ ಸಲ ಉಂಡೆಗೆ ನಾನೇ ತಿನ್ನಿಸ್ತೀನಿ. ನಾನು ಬರೋವರ್ಗೂ ಏನೂ ಕೊಡ್ಬೇಡ, ಆಯ್ತಾ? ಬರ್ತಾ ಒಂದು ಸರ್‌ಪ್ರೈಸ್ ತರ್ತೀನಿ."

"ಹೂಂ, ಅತ್ತಿಗೆ" ಎಂದಳು ಮಧುಮತಿ. ಫೋನ್ ಇಟ್ಟ ಮೇಲೆ ಮೈಯೆಲ್ಲ ಉರಿಯಿತು. ಅತ್ತಿಗೆಗೆ ಗಂಡ ಸಿಕ್ಕ, ಮನೆ ಸಿಕ್ಕಿತು, ಅಮ್ಮ ಕೂಡ ಪ್ರೇರಣಾ ಪ್ರೇರಣಾ ಎನ್ನುತ್ತಾಳೆ. ಉಳಿದಿದ್ದ ಈ ಇಕ್ಕಳವೂ ಬೇಕೇ?

ಮರುದಿನ ಸಂಜೆ ಅಮ್ಮ ಹಬ್ಬದ ಹೂವಿಗೆಂದು ಹೊರಗೆ ಹೋದದ್ದೇ ತಡ, ಅವಳು ತಾರಸಿ ಹತ್ತಿದಳು. ಒಂದಲ್ಲ, ಎರಡು ದೊಡ್ಡ ಇಲಿಗಳನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ ಒಂದರ ಹಿಂದೊಂದು ಕೊಟ್ಟಳು. ಉಂಡೆ ಎರಡನ್ನೂ ನುಂಗಿತು. ಈಗ ಬಂದು ತಿನ್ನಿಸಲಿ, ನೋಡೋಣ!

ಅಮಾವಾಸ್ಯೆಯ ಬೆಳಿಗ್ಗೆ ಪ್ರೇರಣಾ ಬಂದಳು. ಗಂಡನ ಪಾದಪೂಜೆ ಮಾಡಿ, ಕೈಗೆ ಅರಿಶಿನದ ದಾರ ಕಟ್ಟಿಸಿಕೊಂಡು, ಊಟ ಮುಗಿಸಿ, ಎಲ್ಲರನ್ನೂ ತಾರಸಿಗೆ ಕರೆದಳು. ಅವಳ ಕೈಯಲ್ಲಿ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ ಇತ್ತು. ಅದರೊಳಗೆ ಅದೇ ಜಾತಿಯ ತೆಳ್ಳಗಿನ ಗಂಡು ಹಾವು.

"ಬ್ರೂನೋ ಅಂತ. ನಮ್ಮ ಕಸಿನ್ ಕೊಟ್ಟ. ರೀ, ಉಂಡೆಗೆ ಜೋಡಿ ಮಾಡೋಣ. ಮರಿ ಮಾಡಿಸೋಣ!"

"ನಮಗೇನ್ ಗೊತ್ತೇ ಅದೆಲ್ಲ?" ಎಂದ ಶಶಿಕಾಂತ್. ಆದರೆ ಅವನ ಕಣ್ಣು ಆಗಲೇ ಡಬ್ಬಿಯೊಳಗಿತ್ತು.

"ಪುಸ್ತಕ ತಂದಿದೀನಿ. ಹೆಣ್ಣು ಸಾವಿರದೈನೂರು ಗ್ರಾಂ ದಾಟಿದ್ರೆ ಸಾಕು."

ಮೊಳೆ ತೂಗುವ ಮೆಷಿನ್ ಅಂಗಡಿಯಿಂದ ಬಂತು. ಪ್ರೇರಣಾ ಕೈ ಹಾಕುವ ಮೊದಲೇ ಮಧುಮತಿ ಮುಂದೆ ಹೋಗಿ ಉಂಡೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಬುಟ್ಟಿಯಲ್ಲಿಟ್ಟಳು. ಬುಟ್ಟಿಯ ತೂಕ ಕಳೆದು ಸಾವಿರದೈನೂರ ನಲವತ್ತು ಬಂತು.

"ನೋಡಿದ್ರಾ!" ಪ್ರೇರಣಾ ಚಪ್ಪಾಳೆ ತಟ್ಟಿದಳು.

ಆಮೇಲೆ ಉಂಡೆಯನ್ನು ಗಾಜಿನ ಪೆಟ್ಟಿಗೆಗೆ ಬಿಟ್ಟ ಮೇಲೆ, ಪ್ರೇರಣಾ ಇಕ್ಕಳದಲ್ಲಿ ಇಲಿ ಹಿಡಿದು ಮುಂದೆ ಆಡಿಸಿದಳು. ಉಂಡೆ ಮೂಸಿಯೂ ನೋಡಲಿಲ್ಲ.

"ಇದೂ ಪುಸ್ತಕದಲ್ಲಿದೆ ಕಣ್ರೀ. ಜೋಡಿಗೆ ರೆಡಿ ಆದಾಗ ಊಟ ಬಿಡುತ್ತಂತೆ."

"ಹೊಟ್ಟೆ ಏನೋ ದಪ್ಪ ಕಾಣ್ತಿದೆಯಲ್ಲಮ್ಮ?" ಬಾಗಿಲಲ್ಲೇ ನಿಂತಿದ್ದ ಗಿರಿಜಾದೇವಿ ಕೇಳಿದರು.

"ಒಳಗೆ ಮೊಟ್ಟೆ ಕಟ್ಟೋಕೆ ಶುರುವಾಗಿರ್ಬೇಕು, ಅತ್ತೆ."

"ಮದುವೆಗೆ ಮುಂಚೇನೇ? ಶಿವ ಶಿವಾ!"

ಎಲ್ಲರೂ ನಕ್ಕರು. ಮಧುಮತಿಯೂ ನಕ್ಕಳು. ಅವಳ ನಗು ಬೇರೆಯದು. ಪುಸ್ತಕ ಓದಿದವಳಿಗೆ ಇಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯಲಿಲ್ಲ. ಮಾಡಲಿ, ಮಾಡಿಸಲಿ. ಕೆಲಸ ಕೆಟ್ಟು ಕುಳಿತಾಗ ಅಣ್ಣ ಮತ್ತೆ ತಾರಸಿ ಹತ್ತಿ ಬರುತ್ತಾನೆ, "ನಿನ್ನನ್ನೇ ಕೇಳ್ಬೇಕಿತ್ತು ಮಧು" ಎನ್ನುತ್ತಾನೆ. ಆ ಮಾತನ್ನು ಅವಳು ಮನಸ್ಸಿನಲ್ಲೇ ಎರಡು ಸಲ ಕೇಳಿಸಿಕೊಂಡಳು. ರುಚಿಯಾಗಿತ್ತು.

ಅಷ್ಟರಲ್ಲಿ ಶಶಿಕಾಂತ್ ನಿಜವಾಗಿಯೇ ತಿರುಗಿದ. "ಮಧು, ನೀನೇನಂತೀಯಾ? ಇವತ್ತೇ ಬಿಡೋಣ್ವಾ?"

ಅಣ್ಣನ ಮದುವೆಯಾದ ಈ ಮೂರು ತಿಂಗಳಿಂದ ಅವಳು ಕಾದಿದ್ದ ಪ್ರಶ್ನೆ. ನಿಜ ಹೇಳಿದರೆ ತನ್ನ ಹೊಟ್ಟೆಕಿಚ್ಚು ಎಲ್ಲರ ಮುಂದೆ ಬಯಲಾಗುತ್ತದೆ. ಮುಚ್ಚಿಡಲು ಬರೀ ಹೂಂ ಎಂದರೆ ಸಾಕು. ಹೂಂ ಎನ್ನುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಪ್ರೇರಣಾ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು. ಗಾಜಿನೊಳಗೆ ಉಂಡೆ, ತುಂಬಿದ ಹೊಟ್ಟೆಯ ಮೇಲೇ ಸುತ್ತಿಕೊಂಡು, ತಲೆಯನ್ನು ಒಳಗೆ ಎಳೆದುಕೊಂಡಿತು. ಎರಡು ವರ್ಷದ ಹಿಂದೆ ತಿಂದ ಮರುದಿನವೇ ಅಣ್ಣ ಅದನ್ನು ಎತ್ತಿ ಆಡಿಸಿದ್ದ. ನುಂಗಿದ್ದನ್ನೆಲ್ಲ ಕಕ್ಕಿ, ಮೂರು ತಿಂಗಳು ಏನೂ ಮುಟ್ಟದೆ, ಬೆನ್ನುಮೂಳೆ ಎದ್ದು ಕಾಣುವಷ್ಟು ಸೊರಗಿತ್ತು. ಈಗ ಮೇಲೆ ಗಂಡು ಹರಿದಾಡಿದರೆ? ಅದರ ಹಿಂದೆಯೇ ಶ್ರಾವಣದ ಉಪವಾಸ. ಆಮೇಲೆ ಮೊಟ್ಟೆ ಹೊತ್ತರೆ ಮತ್ತೆ ಊಟವಿಲ್ಲ.

"ಬಿಡ್ಬೇಡಿ!"

ಅಷ್ಟು ಜೋರಾಗಿ ಅವಳು ಆ ಮನೆಯಲ್ಲಿ ಮಾತಾಡಿದ್ದೇ ಇಲ್ಲ. ಪ್ರೇರಣಾಳ ಕೈ ಮುಚ್ಚಳದ ಮೇಲೇ ನಿಂತಿತು.

"ಅದು ಮೊಟ್ಟೆ ಅಲ್ಲ. ನಿನ್ನೆ ಸಂಜೆ ನಾನೇ ಎರಡು ಇಲಿ ಕೊಟ್ಟೆ. ಅದನ್ನ ಕಳೆದ್ರೆ ಸಾವಿರದ ಮುನ್ನೂರು ಚಿಲ್ಲರೆ ಅಷ್ಟೇ."

"ನಾನು ಫೋನಲ್ಲಿ ಹೇಳಿದ್ನಲ್ಲ?"

"ಹೇಳಿದ್ರಿ."

"ಮತ್ತೆ?"

ಮಧುಮತಿ ನೆಲ ನೋಡಿದಳು. "ನೀವು ತಿನ್ನಿಸ್ಬಾರ್ದು ಅಂತಾನೇ ಕೊಟ್ಟೆ."

ಗಿರಿಜಾದೇವಿ ಏನನ್ನೋ ನೆನಪಿಸಿಕೊಂಡವರಂತೆ ಮೆಟ್ಟಿಲಿಳಿದರು. ಶಶಿಕಾಂತ್ ಮೆಷಿನ್ನಿನ ವೈರನ್ನು ಸುತ್ತುತ್ತಾ, "ಈ ವರ್ಷ ಬೇಡ ಬಿಡು, ಪ್ರೇರಣಾ. ಮೊದ್ಲು ನಾವು ಕಲಿಯೋಣ" ಎಂದ. ತಂಗಿಯ ಮುಖ ನೋಡಲಿಲ್ಲ.

ಪ್ರೇರಣಾ ಕರಗಿದ ಇಲಿಯನ್ನು ಕಾಗದದಲ್ಲಿ ಸುತ್ತಿದಳು. "ಸಖತ್ ಕಿಲಾಡಿ ಕಣೇ ನೀನು. ಪುಸ್ತಕದಲ್ಲಿ ಇದೊಂದು ಇರ್ಲಿಲ್ಲ." ನಕ್ಕಳೋ ಇಲ್ಲವೋ ತಿಳಿಯಲಿಲ್ಲ. "ಶ್ರಾವಣ ಮುಗಿದ ದಿನ ಮೊದಲನೇ ಇಲಿ ನಾನು ಕೊಡ್ತೀನಿ. ನೀನು ಪಕ್ಕದಲ್ಲಿ ನಿಂತು ಹೇಳ್ಕೊಡ್ಬೇಕು. ಆಗುತ್ತಾ?"

ಆಗುವುದಿಲ್ಲ ಎಂದು ಹೇಳಬೇಕೆನಿಸಿತು. ಉಂಡೆಯ ತಲೆ ಇನ್ನೂ ಹೊರಗೆ ಬಂದಿರಲಿಲ್ಲ.

"ಇಲಿನ ಬಾಲ ಹಿಡಿದು ಆಡಿಸ್ಬಾರ್ದು ಅತ್ತಿಗೆ, ಬೆನ್ನು ಹಿಡೀಬೇಕು" ಎಂದಳು ಮಧುಮತಿ.

ಗಂಡ ಹೆಂಡತಿ ಬ್ರೂನೋನ ಡಬ್ಬಿ ಹಿಡಿದು ಕೆಳಗಿಳಿದರು. ಅದನ್ನು ಎಲ್ಲಿಡುವುದೆಂದು ಇಬ್ಬರೂ ಪಿಸುಗುಟ್ಟುವುದು ಮೆಟ್ಟಿಲಿನುದ್ದಕ್ಕೂ ಕೇಳಿಸಿತು. ಮಧುಮತಿ ಆ ಮಾತು ಪೂರ್ತಿ ನಿಲ್ಲುವವರೆಗೂ ಕಿವಿಗೊಟ್ಟು ನಿಂತಿದ್ದಳು. ಆಮೇಲೆ ಇಕ್ಕಳ ತೊಳೆದು, ಒರೆಸಿ, ತನಗೂ ಅತ್ತಿಗೆಗೂ ಕೈಗೆಟುಕುವ ಮೊಳೆಗೆ ನೇತುಹಾಕಿದಳು. ಹೊತ್ತು ಮುಳುಗಿ ಉಂಡೆಯ ಉಪವಾಸ ಶುರುವಾಗಲು ಇನ್ನೂ ಸ್ವಲ್ಪ ಇತ್ತು.