ಮದ್ದು ಕೊಡದ ವೈದ್ಯ

ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ವರು ಆಟಕ್ಕೆ ಕೂರುತ್ತಿದ್ದರು. ಅಂಗಡಿ ತಂಗಿಯದು, ಕಥೆ ಹೇಳುತ್ತ ಆಟ ನಡೆಸುವವಳೂ ಅವಳೇ. ಅವಳ ಅಣ್ಣ, ಶಾಲಾ ಬಸ್ಸಿನ ಡ್ರೈವರ್, ಆಟದಲ್ಲಿ ವೈದ್ಯ. ಎಲೆಕ್ಟ್ರಿಷಿಯನ್ ಕತ್ತಿ ಹಿಡಿದ ಸೈನಿಕ. ಟೈಲರ್ ಅಕ್ಕನದು ಕಳ್ಳಿಯ ಪಾತ್ರ. "ಮನೇಲಿ ಒಳ್ಳೆಯವಳಾಗಿದ್ದು ಸಾಕಾಗಿದೆ, ವಾರಕ್ಕೊಂದಿನ ಕದೀತೀನಿ ಬಿಡಿ" ಎನ್ನುವಾಕೆ.

ಪ್ರತಿಯೊಬ್ಬರ ಮುಂದೆ ಒಂದು ರಟ್ಟಿನ ಪಟ್ಟಿ, ಅದರ ಮೇಲೊಂದು ಅಂಗಿಯ ಗುಂಡಿ. ಬಲತುದಿ ಒಳ್ಳೆಯದು, ಎಡತುದಿ ಕೆಟ್ಟದ್ದು. ಮಾಡಿದ ಕೆಲಸ ನೋಡಿ ತಂಗಿ ಗುಂಡಿ ಸರಿಸಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ. ಕೆಟ್ಟದ್ದರ ಕಡೆಗೆ ದಾಟಿದ ವೈದ್ಯನಿಗೆ ಗಾಯ ಮಾಯಿಸುವ ಶಕ್ತಿ ಹೋಗುತ್ತದೆ. ಯಾವ ಕೆಲಸಕ್ಕೆ ಗುಂಡಿ ಎಷ್ಟು ಸರಿಯಬೇಕೆಂದು ಮೂರು ವರ್ಷದ ಹಿಂದೆ ಅವಳೇ ಬರೆದು, ಲ್ಯಾಮಿನೇಟ್ ಮಾಡಿ, ಗೋಡೆಗೆ ಅಂಟಿಸಿದ್ದಳು. ಐದನೆಯ ಸಾಲು ಹೀಗಿತ್ತು: ಮದ್ದಿದ್ದೂ ಕೊಡದೆ ಸಾಯಬಿಟ್ಟರೆ, ನೇರ ಎಡತುದಿಗೆ.

ಆ ದಿನ ಕಥೆಯಲ್ಲಿ ಕೋಟೆಯ ಮುದಿ ಕಾವಲುಗಾರ ವಿಷದ ಬಾಣ ತಗುಲಿ ಬಿದ್ದಿದ್ದ. ವೈದ್ಯನ ಚೀಲದಲ್ಲಿ ಮದ್ದಿತ್ತು. ಕುಡಿಸಿದರೆ ಜೀವ ಇನ್ನೊಂದು ತಿಂಗಳು ಎಳೆಯುತ್ತದೆ, ನೋವು ಮಾತ್ರ ಹೋಗುವುದಿಲ್ಲ. ಹಾಗೆಂದು ಕಥೆ ಕಟ್ಟಿದವಳು ತಂಗಿಯೇ. ಹೇಳುವಾಗ ತಾನು ಏನು ಹೇಳುತ್ತಿದ್ದೇನೆಂಬುದು ಅವಳಿಗೆ ಹೊಳೆಯಲಿಲ್ಲ. ಅಣ್ಣನ ಮುಖ ನೋಡಿದ ಮೇಲೆ ಹೊಳೆಯಿತು.

"ಮದ್ದು ಕೊಡಲ್ಲ," ಎಂದ ಅಣ್ಣ. "ಪಕ್ಕದಲ್ಲಿ ಕೂತ್ಕೋತೀನಿ. ಕೈ ಹಿಡ್ಕೋತೀನಿ."

ಎರಡು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಅಪ್ಪನ ಉಸಿರಿನ ಯಂತ್ರ ತೆಗೆಯುವ ಕಾಗದಕ್ಕೆ ಸಹಿ ಹಾಕಿದವನು ಅವನು. ಫೋನು ಮಾಡಿ ಕೇಳಿದಾಗ ತಂಗಿ "ನೀನೇ ನೋಡಿ ಮಾಡಣ್ಣ" ಎಂದು ಕೈ ತೊಳೆದುಕೊಂಡಿದ್ದಳು. ಆಮೇಲೆ ಇಬ್ಬರೂ ಆ ಮಾತೆತ್ತಿರಲಿಲ್ಲ.

"ಸರಿಸಮ್ಮ," ಎಂದ ಅಣ್ಣ.

"ಅಣ್ಣ, ಇದು ಬರೀ ಆಟ."

"ಆಟಾನೇ. ಅದಕ್ಕೇ ಕೇಳ್ತಿರೋದು. ಮಾಡಿದ್ದು ಒಳ್ಳೇದಾ, ಕೆಟ್ಟದ್ದಾ? ಇಷ್ಟು ದಿನ ಯಾರೂ ಹೇಳ್ಲಿಲ್ಲ."

ಟೈಲರ್ ಅಕ್ಕ ಗೋಡೆಯ ಕಡೆ ನೋಡಿದಳು. "ಬರೆದೋಳೇ ತಿದ್ದಬಹುದಲ್ವಾ? ನಾನು ಹೊಲಿದಿದ್ದನ್ನ ನಾನೇ ದಿನಾ ಬಿಚ್ತೀನಿ."

"ಬೇಡಕ್ಕ," ಎಂದ ಅಣ್ಣ. "ನನಗೋಸ್ಕರ ತಿದ್ದಿದ್ರೆ ಅದು ಕರುಣೆ ಆಗುತ್ತೆ, ತೀರ್ಪಾಗಲ್ಲ."

ತಂಗಿ ಗುಂಡಿಯ ಮೇಲೆ ಬೆರಳಿಟ್ಟಳು. ಬಲಕ್ಕೇ ಬಿಟ್ಟರೆ ಅವನು ನಂಬುವುದಿಲ್ಲ. ಎಡಕ್ಕೆ ಸರಿಸಿದರೆ ನಂಬಿಬಿಡುತ್ತಾನೆ. ಬೆರಳು ಅತ್ತಲೂ ಹೋಗಲಿಲ್ಲ, ಇತ್ತಲೂ ಹೋಗಲಿಲ್ಲ.

ಅಣ್ಣ ಆ ಬೆರಳನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಗುಂಡಿಯನ್ನು ತಾನೇ ಎಡತುದಿಗೆ ತಳ್ಳಿದ. "ಇರ್ಲಿ ಬಿಡು. ಇದನ್ನೂ ನಾನೇ ಮಾಡ್ತೀನಿ."

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವಳು ಏನಾದರೂ ಉತ್ತರ ಕೊಡಬಹುದಿತ್ತು. ನಿಯಮ ಮೀರಿದ್ದನ್ನು ಯಾರೂ ಎತ್ತಿ ಆಡಲಿಲ್ಲ. ಅವಳು ಕಥೆ ಮುಂದುವರಿಸಿದಳು.

ಸೇತುವೆಯ ಮೇಲೆ ಸೈನಿಕನಿಗೆ ಭರ್ಜಿ ನಾಟಿತು. ಜೀವಕ್ಕಿದ್ದ ಹನ್ನೆರಡು ಅಂಕಗಳಲ್ಲಿ ಒಂದೇ ಉಳಿಯಿತು. ಎಲ್ಲರ ಕಣ್ಣೂ ರೂಢಿಯಂತೆ ವೈದ್ಯನತ್ತ ಹೋಗಿ, ಹೋದಷ್ಟೇ ಬೇಗ ಹಿಂದಿರುಗಿತು.

"ನನ್ನ ಕೈಲಾಗಲ್ಲ ಕಣಯ್ಯ," ಎಂದ ಅಣ್ಣ.

ಎಲೆಕ್ಟ್ರಿಷಿಯನ್ ತನ್ನ ಅಂಕ ಬರೆದ ಚೀಟಿಯ ಮೇಲೆ ಅಂಗೈ ಮುಚ್ಚಿಟ್ಟ. "ಏನಿಲ್ಲ ಬಿಡಿ, ತರಚು ಗಾಯ. ನಡೀರಿ, ದಾಟೋಣ."